ಎಟಿಪಿ ಜಗಳ: ಪೀಟರ್ ಮಿಚೆಲ್ ಮಾತನ್ನ ಒಪ್ಪೋಕೆ ಯಾಕಷ್ಟು ವರ್ಷ ಬೇಕಾಯ್ತು

ಸ್ನಾಯು ಅಲ್ಲಾಡೋಕೆ, ನರ ಸಂದೇಶ ಕಳಿಸೋಕೆ, ಜೀವಕೋಶ ಏನೇ ಮಾಡ್ಲಿ, ಖರ್ಚಾಗೋದು ಎಟಿಪಿ ಅನ್ನೋ ಶಕ್ತಿ ತುಂಬಿದ ಅಣು. 1950ರ ದಶಕದ ಹೊತ್ತಿಗೆ ಮೈಟೊಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸೋ ಪುಟ್ಟ ಭಾಗಗಳು) ಒಳಗೆ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಆಕ್ಸಿಜನ್ ಸೇರ್ತವೆ, ಜೊತೆಗೇ ಎಟಿಪಿ ತಯಾರಾಗುತ್ತೆ ಅನ್ನೋದು ಗೊತ್ತಿತ್ತು, ಆದ್ರೆ ಇವೆರಡರ ನಡುವಿನ ಕೊಂಡಿ ಯಾವ್ದು ಅಂತ ಯಾರಿಗೂ ಗೊತ್ತಿರ್ಲಿಲ್ಲ. ಶಕ್ತಿ ತುಂಬ್ಕೊಂಡಿರೋ ಒಂದು ಮಧ್ಯಂತರ ರಾಸಾಯನಿಕ ಇರ್ಬೇಕು ಅಂತ 1953ರಲ್ಲಿ ಸ್ಲೇಟರ್ ಅನ್ನೋ ವಿಜ್ಞಾನಿ ಹೇಳಿದ್ರು. ದೊಡ್ಡ ದೊಡ್ಡ ಲ್ಯಾಬ್‌ಗಳು ವರ್ಷಗಟ್ಟಲೆ ಹುಡುಕಿದ್ವು, ಸಿಗ್ಲೇ ಇಲ್ಲ.

1920ರಲ್ಲಿ ಇಂಗ್ಲೆಂಡಲ್ಲಿ ಹುಟ್ಟಿ ಕೇಂಬ್ರಿಡ್ಜಲ್ಲಿ ಓದಿದ ಮಿಚೆಲ್ ಬಂದಿದ್ದು ಬೇರೆ ದಾರಿಯಿಂದ, ಬ್ಯಾಕ್ಟೀರಿಯಾದ ಪೊರೆ ದಾಟಿ ವಸ್ತುಗಳು ಹೇಗೆ ಒಳಗೆ ಹೋಗ್ತವೆ ಅನ್ನೋದು ಅವರ ಕೆಲಸ. ಹಾಗಾಗಿ ಅವರಿಗೆ ಪೊರೆಯ ಒಳಗಡೆ ಯಾವ್ದು ಹೊರಗಡೆ ಯಾವ್ದು ಅನ್ನೋದೇ ಮುಖ್ಯ ಪ್ರಶ್ನೆ. 1961ರಲ್ಲಿ ಎಡಿನ್‌ಬರೋದಲ್ಲಿದ್ದಾಗ ನೇಚರ್ ಪತ್ರಿಕೆಯಲ್ಲಿ ಅವರು ಬರೆದಿದ್ದು ಇಷ್ಟು: ಎಲೆಕ್ಟ್ರಾನ್ ಸಾಗ್ತಾ ಹೋದ ಹಾಗೆ ಪ್ರೋಟಾನ್‌ಗಳು (ಅಂದ್ರೆ ಹೈಡ್ರೋಜನ್ ಅಯಾನುಗಳು) ಪೊರೆಯ ಒಂದು ಬದಿಗೆ ಸೇರ್ಕೋತವೆ, ಅವು ವಾಪಸ್ ಬರೋವಾಗ ಒಂದು ಎಂಜೈಮ್ ಮೂಲಕ ಬರ್ಬೇಕು, ಆಗ ಎಟಿಪಿ ಆಗುತ್ತೆ. ಹುಡುಕ್ತಿದ್ದ ರಾಸಾಯನಿಕ ಇಲ್ವೇ ಇಲ್ಲ! ಪೊರೆ ಹರಿದ್ರೆ ಎಟಿಪಿ ಯಾಕೆ ನಿಲ್ಲುತ್ತೆ, ಡೈನೈಟ್ರೋಫೀನಾಲ್ ಅನ್ನೋ ರಾಸಾಯನಿಕ ಹಾಕಿದ್ರೆ ಆಕ್ಸಿಜನ್ ಖರ್ಚಾಗ್ತಾನೇ ಇದ್ರೂ ಎಟಿಪಿ ಮಾತ್ರ ಯಾಕೆ ಆಗಲ್ಲ, ಎರಡಕ್ಕೂ ಇದ್ರಲ್ಲೇ ಉತ್ತರ ಇತ್ತು, ಯಾಕಂದ್ರೆ ಆ ಡೈನೈಟ್ರೋಫೀನಾಲ್ ಪ್ರೋಟಾನ್‌ಗಳನ್ನ ಪೊರೆಯಿಂದ ಸೋರೋ ಹಾಗೆ ಮಾಡುತ್ತೆ.

ಹೆಚ್ಚಿನವರು ಒಪ್ಲಿಲ್ಲ. ಹೊಟ್ಟೆ ಹುಣ್ಣಿನಿಂದ ಒದ್ದಾಡಿ 1963ರಲ್ಲಿ ಮಿಚೆಲ್ ಯೂನಿವರ್ಸಿಟಿ ಬಿಟ್ರು, ಕಾರ್ನ್‌ವಾಲ್‌ನ ಬಾಡ್ಮಿನ್ ಹತ್ರ ಗ್ಲಿನ್ ಹೌಸ್ ಅನ್ನೋ ಹಾಳುಬಿದ್ದ ಬಂಗಲೆ ರಿಪೇರಿ ಮಾಡಿಸಿ ಅಲ್ಲೇ ಲ್ಯಾಬ್ ಶುರು ಮಾಡಿದ್ರು. ಜೊತೆಗಿದ್ದೋರು ಜೆನ್ನಿಫರ್ ಮಾಯ್ಲ್. ಈ ಕಥೆ ಹೇಳೋರು ಅವರ ಹೆಸರನ್ನ ಒಂದು ಸಾಲಲ್ಲಿ ಮುಗಿಸಿಬಿಡ್ತಾರೆ, ಅದು ಅನ್ಯಾಯ ಅಂತ ನನಗನ್ಸುತ್ತೆ. ಆಕ್ಸಿಜನ್ ಇಲ್ಲದ ದ್ರಾವಣದಲ್ಲಿ ಇಲಿಯ ಲಿವರಿನ ಮೈಟೊಕಾಂಡ್ರಿಯಾ ಇಟ್ಟು, ಒಂಚೂರು ಆಕ್ಸಿಜನ್ ಕೊಟ್ಟು, ಪ್ರೋಟಾನ್ ನಿಜಕ್ಕೂ ಹೊರಗೆ ಬರ್ತಾ ಅಂತ ಆಮ್ಲೀಯತೆ ತೋರಿಸೋ ಪಿಎಚ್ ಎಲೆಕ್ಟ್ರೋಡಲ್ಲಿ ಅಳೆದು ತೋರಿಸಿದ್ದು ಇವರಿಬ್ರು ಸೇರಿ. ಆ ಅಳತೆ ಇಲ್ದೇ ಹೋಗಿದ್ರೆ ಮಿಚೆಲ್ ಮಾತು ಬರೀ ಊಹೆಯಾಗಿ ಉಳೀತಿತ್ತು.

1966ರಲ್ಲಿ ಅಮೆರಿಕದ ಜಾಗೆಂಡಾರ್ಫ್ ಮತ್ತೆ ಉರಿಬೆ ಪಾಲಕ್ ಸೊಪ್ಪಿನ ಕ್ಲೋರೋಪ್ಲಾಸ್ಟನ್ನ (ಎಲೆಯೊಳಗೆ ಬೆಳಕಿಂದ ಎಟಿಪಿ ಮಾಡೋ ಹಸಿರು ಭಾಗ) ಮೊದ್ಲು ಆಸಿಡ್‌ನಲ್ಲಿ ನೆನೆಸಿ ಆಮೇಲೆ ಕ್ಷಾರಕ್ಕೆ ಹಾಕಿದ್ರು, ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸದ ಬಲದಿಂದಲೇ, ಬೆಳಕೇ ಇಲ್ದೆ ಕತ್ತಲಲ್ಲಿ ಎಟಿಪಿ ಬಂತು. 1974ರಲ್ಲಿ ರಾಕರ್ ಮತ್ತೆ ಸ್ಟೋಕೆನಿಯಸ್ ಇನ್ನೂ ಮುಂದೆ ಹೋದ್ರು: ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ಬೆಳಕಿಂದ ಪ್ರೋಟಾನ್ ಪಂಪ್ ಮಾಡೋ ಒಂದು ಸೂಕ್ಷ್ಮಜೀವಿಯ ಪ್ರೋಟೀನು, ಹಸುವಿನ ಹೃದಯದಿಂದ ತೆಗೆದ ಎಟಿಪಿ ಎಂಜೈಮು, ಒಂದಕ್ಕೊಂದು ಸಂಬಂಧವೇ ಇಲ್ಲದ ಇವೆರಡನ್ನ ಸೇರಿಸಿ ಬೆಳಕು ಬಿಟ್ಟಾಗ ಎಟಿಪಿ ತಯಾರಾಯ್ತು. ಎರಡಕ್ಕೂ ನಡುವೆ ಪ್ರೋಟಾನ್ ಬಿಟ್ರೆ ಇನ್ನೇನೂ ಇರೋಕೆ ಸಾಧ್ಯವೇ ಇಲ್ಲ.

1978ರ ಕೆಮಿಸ್ಟ್ರಿ ನೊಬೆಲ್ ಮಿಚೆಲ್ ಒಬ್ರಿಗೇ ಬಂತು. ಹಾಗಂತ ಅವರು ಹೇಳಿದ್ದೆಲ್ಲ ಸರಿ ಇರ್ಲಿಲ್ಲ. ಪ್ರೋಟಾನ್ ನೇರವಾಗಿ ಎಟಿಪಿ ಆಗೋ ರಿಯಾಕ್ಷನ್‌ನಲ್ಲೇ ಸೇರ್ಕೊಳ್ಳುತ್ತೆ ಅಂತ ಅವರು ನಂಬಿದ್ರು, ಅಲ್ಲಿ ಗೆದ್ದಿದ್ದು ಅಮೆರಿಕದ ವಿಜ್ಞಾನಿ ಬಾಯರ್: ಪ್ರೋಟಾನ್ ಹರಿವು ಎಂಜೈಮಿನ ಒಂದು ಭಾಗವನ್ನ ತಿರುಗಿಸುತ್ತೆ, ಆ ತಿರುಗೋದ್ರಿಂದ ಎಟಿಪಿ ಹೊರಗೆ ಬರುತ್ತೆ. ಮಿಚೆಲ್ 1992ರಲ್ಲಿ ತೀರ್ಕೊಂಡ್ರು. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ಎಂಜೈಮಿಗೆ ಒಂದು ಹೊಳೆಯೋ ಎಳೆ ಅಂಟಿಸಿ ಅದು ತಿರುಗೋದನ್ನ ಮೈಕ್ರೋಸ್ಕೋಪಲ್ಲಿ ಕಣ್ಣಾರೆ ನೋಡಿದ್ರು, ಅದೇ ವರ್ಷ ಬಾಯರ್‌ಗೂ ಆ ಎಂಜೈಮಿನ ರಚನೆ ಬಿಡಿಸಿ ತೋರಿಸಿದ ವಾಕರ್‌ಗೂ ನೊಬೆಲ್ ಬಂತು.