ಟೀಪಾಯಿ ಮೇಲೆ ಒಂದೇ ರಿಮೋಟ್ ಇರಲಿ

ಮನೆಯಲ್ಲಿ ದೊಡ್ಡ ಹೋಮ್ ಥಿಯೇಟರ್ ಇದ್ದೂ ಅಮ್ಮ ಧಾರಾವಾಹಿಯನ್ನು ಟಿವಿಯ ಸಣ್ಣ ಸ್ಪೀಕರಿನಲ್ಲೇ ಕೇಳುತ್ತಿದ್ದರೆ, ಜೋಡಣೆಯಲ್ಲೇ ಎಲ್ಲೋ ಎಡವಟ್ಟಾಗಿದೆ. ಸೆಟ್‌ಟಾಪ್ ಬಾಕ್ಸ್, ಫೈರ್ ಸ್ಟಿಕ್, ಗೇಮ್ ಕನ್ಸೋಲ್ ಎಲ್ಲವನ್ನೂ ರಿಸೀವರ್‌ಗೆ, ಅಂದರೆ ಹೋಮ್ ಥಿಯೇಟರ್ ಸ್ಪೀಕರ್‌ಗಳನ್ನು ನುಡಿಸುವ ಪೆಟ್ಟಿಗೆಗೆ, ಸಿಕ್ಕಿಸಿರುತ್ತಾರೆ. ವಾರ್ತೆ ನೋಡಬೇಕೆಂದರೆ ಮೂರು ರಿಮೋಟ್ ಹಿಡಿದು ಮೂರು ಪೆಟ್ಟಿಗೆ ಆನ್ ಮಾಡಬೇಕು, ಆಮೇಲೆ ಇನ್‌ಪುಟ್ ಹುಡುಕಬೇಕು. ತಪ್ಪು ಗುಂಡಿ ಒತ್ತಿದರೆ ಮತ್ತೆ ಸರಿಮಾಡುವುದು ಮನೆಯಲ್ಲಿ ಒಬ್ಬರಿಗೇ ಗೊತ್ತು, ಅವರು ಆ ಹೊತ್ತಿಗೆ ಆಫೀಸಿನಲ್ಲಿರುತ್ತಾರೆ.

ಟಿವಿಯನ್ನೇ ಯಜಮಾನ ಮಾಡಿ. ಎಲ್ಲ ಬಾಕ್ಸ್‌ಗಳೂ ಟಿವಿಗೆ ಬರಲಿ, ಟಿವಿಯಿಂದ ರಿಸೀವರ್ ಅಥವಾ ಸೌಂಡ್‌ಬಾರ್‌ಗೆ ಒಂದೇ ಎಚ್‌ಡಿಎಂಐ ಕೇಬಲ್ ಹೋಗಲಿ. ಟಿವಿಯಲ್ಲಿ 'ಎಆರ್‌ಸಿ' (ಟಿವಿಯ ಶಬ್ದವನ್ನು ಎಚ್‌ಡಿಎಂಐಯಲ್ಲೇ ರಿಸೀವರ್‌ಗೆ ಕಳಿಸುವ ದಾರಿ) ಅಥವಾ ಅದರ ಸುಧಾರಿತ ರೂಪ 'ಇ-ಎಆರ್‌ಸಿ' ಎಂದು ಬರೆದ ಪೋರ್ಟ್ ಸಾಮಾನ್ಯವಾಗಿ ಒಂದೇ ಇರುತ್ತದೆ, ಕೇಬಲ್ ಅದಕ್ಕೇ ಸೇರಬೇಕು. ರಿಸೀವರ್ ಕಡೆ ಅದು ಹೋಗಬೇಕಾದ್ದು 'ಔಟ್' ಪೋರ್ಟಿಗೆ. ಶಬ್ದ ಒಳಗೆ ಬರುತ್ತಿದೆಯಲ್ಲ ಎಂದು 'ಇನ್'ಗೆ ಸಿಕ್ಕಿಸುವವರು ತುಂಬ ಜನ. ಟಿವಿಯ ಶಬ್ದ ರಿಸೀವರ್‌ನಲ್ಲಿ ಬಾರದಿರಲು ಇದೇ ಮೊದಲ ಕಾರಣ.

ಮುಂದಿನ ಕೆಲಸ ಎರಡೂ ಕಡೆಯ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲ್ ಮೂಲಕ ಒಂದು ಸಾಧನ ಇನ್ನೊಂದಕ್ಕೆ ಆಜ್ಞೆ ಕಳಿಸುವ ಸೌಲಭ್ಯ, ಆನ್ ಮಾಡುವುದು. ಈ ಸೌಲಭ್ಯಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆನ್ ಆದ ಮೇಲೆ ಟಿವಿ ರಿಮೋಟ್ ಒತ್ತಿದರೆ ರಿಸೀವರ್ ಕೂಡ ಏಳುತ್ತದೆ, ಅದೇ ರಿಮೋಟಿನ ವಾಲ್ಯೂಮ್ ರಿಸೀವರ್‌ಗೆ ತಲುಪುತ್ತದೆ. ಈ ಸಂದೇಶ ಹರಿಯುವುದು ಕೇಬಲ್ಲಿನ 13ನೇ ಪಿನ್ನಿನಲ್ಲಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಆ ತಂತಿಯೇ ಇರುವುದಿಲ್ಲ. ಚಿತ್ರ ಚೆನ್ನಾಗಿ ಬರುತ್ತಿದ್ದು ವಾಲ್ಯೂಮ್ ಗುಂಡಿ ಮಾತ್ರ ಕೆಲಸ ಮಾಡದಿದ್ದರೆ ಬೇರೆ ಕೇಬಲ್ ಹಾಕಿ ನೋಡಿ. ಆಪ್ಟಿಕಲ್ ಕೇಬಲ್ ಬರೀ ಶಬ್ದ ಒಯ್ಯುತ್ತದೆ, ಅದರಿಂದ ಈ ಕೆಲಸ ಆಗದು.

ಟಿವಿಯ ಶಬ್ದದ ಡಿಜಿಟಲ್ ಔಟ್‌ಪುಟ್ 'ಪಿಸಿಎಂ'ನಲ್ಲಿ (ಸಂಕೋಚಿಸದ ಸಾದಾ ಡಿಜಿಟಲ್ ಶಬ್ದ) ಇದ್ದರೆ ಎಆರ್‌ಸಿಯಲ್ಲಿ ಎರಡೇ ಚಾನೆಲ್ ಶಬ್ದ ಬರುತ್ತದೆ, ಹಿಂದಿನ ಸ್ಪೀಕರ್‌ಗಳು ಸುಮ್ಮನೆ ಕೂರುತ್ತವೆ. 'ಆಟೋ' ಅಥವಾ 'ಪಾಸ್ ಥ್ರೂ' ಆಯ್ಕೆ ಮಾಡಿ. ಸ್ಟ್ರೀಮಿಂಗ್‌ನ ಡಾಲ್ಬಿ ಅಟ್ಮಾಸ್ (ಸುತ್ತಲಿನಿಂದಲೂ ಮೇಲಿನಿಂದಲೂ ಕೇಳುವ ಶಬ್ದ) ಎಆರ್‌ಸಿಯಲ್ಲೂ ಬರಬಲ್ಲದು, ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ ಎಂಬ ನಷ್ಟವಿಲ್ಲದ ಶಬ್ದಕ್ಕೆ ಇ-ಎಆರ್‌ಸಿಯೇ ಬೇಕು. ಡಿಟಿಎಸ್ ಎಂಬ ಇನ್ನೊಂದು ಶಬ್ದ ಮಾದರಿಯದು ಬೇರೆ ಕಥೆ: ಸ್ಯಾಮ್‌ಸಂಗ್ 2018ರಿಂದ ಟಿವಿಗಳಲ್ಲಿ ಅದನ್ನು ಕೈಬಿಟ್ಟಿತು. ಪೆನ್‌ಡ್ರೈವ್ ಸಿನಿಮಾದಲ್ಲಿ ಚಿತ್ರ ಇದ್ದು ಶಬ್ದ ಇಲ್ಲದಿದ್ದರೆ ಅನುಮಾನ ಮೊದಲು ಇದರ ಮೇಲಿರಲಿ. ಬ್ಲೂ-ರೇ ಪ್ಲೇಯರ್ ಇದ್ದವರು ಅದೊಂದನ್ನು ನೇರ ರಿಸೀವರ್‌ಗೇ ಕೊಡಬಹುದು. ಅದನ್ನು ಹಚ್ಚುವವರಿಗೆ ಇನ್‌ಪುಟ್ ಬದಲಿಸುವುದು ಹೇಗೂ ಗೊತ್ತಿರುತ್ತದೆ.

ನಿಜವಾದ ತಲೆನೋವು ಸೆಟ್‌ಟಾಪ್ ಬಾಕ್ಸ್. ಅನೇಕ ಡಿಟಿಎಚ್ ಬಾಕ್ಸ್‌ಗಳಿಗೆ ಸಿಇಸಿ ಸರಿಯಾಗಿ ಬಾರದು, ಚಾನೆಲ್ ಬದಲಿಸಲು ಅದರದೇ ರಿಮೋಟ್ ಬೇಕು. ಹಾಗಾದರೆ ಹಿರಿಯರ ಕೈಗೆ ಆ ರಿಮೋಟನ್ನೇ ಕೊಡಿ. ಬೇರೆ ರಿಮೋಟಿನ ಗುಂಡಿಗಳನ್ನು ಕಲಿಯುವ ಸೌಲಭ್ಯ ಅದರಲ್ಲಿದ್ದರೆ ಟಿವಿಯ ಪವರ್ ಮತ್ತು ವಾಲ್ಯೂಮ್ ಗುಂಡಿಗಳನ್ನು ಕಲಿಸಿ, ರಿಸೀವರ್‌ನವನ್ನಲ್ಲ. ಮುಂದಿನದನ್ನು ಟಿವಿಯೇ ನೋಡಿಕೊಳ್ಳುತ್ತದೆ, ಕಪಾಟಿನೊಳಗಿನ ರಿಸೀವರ್ ಕಡೆಗೆ ರಿಮೋಟ್ ಗುರಿಯಿಡಬೇಕಿಲ್ಲ. ಕಲಿಸುವಾಗ ಎರಡು ರಿಮೋಟ್‌ಗಳನ್ನು ಮೂತಿಗೆ ಮೂತಿ, ಎರಡು-ಮೂರು ಸೆಂಟಿಮೀಟರ್ ಅಂತರದಲ್ಲಿಡಿ. ಕೆಲವು ಟಿವಿಗಳ ಹೊಸ ರಿಮೋಟ್ ಬ್ಲೂಟೂತ್‌ನದು, ಅದರಿಂದ ಕಲಿಸಲಾಗದು. ಅದೇ ಟಿವಿಗೆ ಹೊಂದುವ ಹಳೇ ಮಾದರಿಯ ಐಆರ್ (ಅವಗೆಂಪು ಕಿರಣದ) ರಿಮೋಟ್ ತನ್ನಿ.

ರಿಸೀವರ್‌ನಲ್ಲಿ ಗರಿಷ್ಠ ವಾಲ್ಯೂಮ್‌ಗೆ ಮಿತಿ ಹಾಕಿ, ಆನ್ ಆದಾಗಿನ ವಾಲ್ಯೂಮನ್ನೂ ನಿಗದಿ ಮಾಡಿ. ರಾತ್ರಿ ಯಾರೋ ಜೋರಾಗಿ ಸಿನಿಮಾ ನೋಡಿ ಮಲಗಿದರೆ ಬೆಳಗಿನ ಸುಪ್ರಭಾತಕ್ಕೆ ಕಿಟಕಿ ನಡುಗಬಾರದು. ಮಾತು ಕೇಳದು ಎನ್ನುವವರಿಗೆ ಸಂಭಾಷಣೆ ಬರುವ ಸೆಂಟರ್ ಸ್ಪೀಕರನ್ನು 2ರಿಂದ 3 ಡೆಸಿಬೆಲ್ ಏರಿಸಿದರೆ ಸಾಕು, ಒಟ್ಟು ವಾಲ್ಯೂಮ್ ಏರಿಸುವುದು ಬೇಡ.

ಮಧ್ಯರಾತ್ರಿ ಟಿವಿ ತಾನಾಗಿ ಆನ್ ಆಗುತ್ತಿದ್ದರೆ ಯಾವುದೋ ಬಾಕ್ಸ್ ಎದ್ದು ಅದನ್ನು ಎಬ್ಬಿಸುತ್ತಿದೆ. ಆ ಬಾಕ್ಸ್‌ನ ಸಿಇಸಿಯನ್ನಷ್ಟೇ ಆಫ್ ಮಾಡಿ.

ನಮ್ಮ ಮನೆಗಳಲ್ಲಿ ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡುವ ರೂಢಿ ಇದೆ, ಮೇಲಿಂದ ಕರೆಂಟ್ ಬೇರೆ ಹೋಗಿ ಬರುತ್ತದೆ. ಟಿವಿ ಆನ್ ಆಗಿ ರಿಸೀವರನ್ನು ಹುಡುಕುವಾಗ ಅದು ಇನ್ನೂ ಎದ್ದಿರದಿದ್ದರೆ ಶಬ್ದ ಟಿವಿ ಸ್ಪೀಕರ್‌ಗೆ ಜಾರುತ್ತದೆ. ಆದಷ್ಟೂ ರಿಮೋಟಿನಿಂದಲೇ ಆಫ್ ಮಾಡಿ. ಕೈಕೊಟ್ಟರೆ ಎಲ್ಲದರ ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು, ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಬಾಕ್ಸ್‌ಗಳನ್ನು ಹಚ್ಚಿ. ಉಳಿದ ರಿಮೋಟ್‌ಗಳ ಸೆಲ್ ತೆಗೆದು ಡ್ರಾಯರ್‌ಗೆ ಹಾಕಿ, ಸೆಲ್ ಸೋರಿ ಸ್ಪ್ರಿಂಗ್ ಹಾಳಾದರೆ ಬೇಕಾದ ದಿನ ಅದು ಕೆಲಸಕ್ಕೆ ಬಾರದು.