ಲಾಡ್ಜರ್ ಅಂತ ಬರೆಸ್ಕೊಂಡ ಮಾತ್ರಕ್ಕೆ ಲಾಡ್ಜರ್ ಆಗಲ್ಲ

ಇಂಗ್ಲೆಂಡಲ್ಲಿ ಮನೆ ತಗೊಂಡಿರೋ ನಮ್ಮವರು ಎಷ್ಟೋ ಜನ ಖಾಲಿ ರೂಮು ಬಾಡಿಗೆಗೆ ಕೊಡ್ತಾರೆ, ಇಂಟರ್ನೆಟ್ಟಿಂದ ಒಂದು ಲಾಡ್ಜರ್ (ಓನರ್ ಇರೋ ಮನೇಲೇ ರೂಮು ಹಿಡಿದಿರೋರು) ಅಗ್ರಿಮೆಂಟ್ ಇಳಿಸ್ಕೊಂಡು ಸೈನ್ ಹಾಕಿಸ್ಕೊಂಡ್ರೆ ಮುಗೀತು, ಬೇಡ ಅನ್ಸಿದಾಗ ಬಿಡಿಸಬಹುದು ಅಂದ್ಕೋತಾರೆ. ಖಂಡಿತ ಹಾಗಿಲ್ಲ.

ಇದರ ಬೇರು 1915ರಲ್ಲಿದೆ. ಮಹಾಯುದ್ಧದ ಟೈಮಲ್ಲಿ ಗ್ಲಾಸ್ಗೋದ ಓನರ್‌ಗಳು ಬಾಡಿಗೆ ಏರಿಸಿದಾಗ ಮೇರಿ ಬಾರ್ಬರ್ ಜೊತೆ ಹೆಂಗಸರು ಬೀದಿಗಿಳಿದು ಏರಿಸಿದ ಬಾಡಿಗೆ ಕೊಡಲ್ಲ ಅಂತ ಹಠ ಹಿಡಿದ್ರು, ಸರ್ಕಾರ ಅದೇ ವರ್ಷ ಬಾಡಿಗೆಗೆ ಕಡಿವಾಣ ಹಾಕ್ತು. ಆದ್ರೆ ಊಟ, ಆಳುಕಾಳು, ಫರ್ನಿಚರ್ ಸೇರಿಸಿ ಕೊಟ್ಟ ರೂಮನ್ನ ಕಾನೂನು ಹೊರಗಿಟ್ಟಿತ್ತು. 1974ರಲ್ಲಿ ಫರ್ನಿಚರ್ ಇರೋ ಮನೆಗೂ ರಕ್ಷಣೆ ಬಂತು, ಓನರ್ ಅಲ್ಲೇ ವಾಸ ಇದ್ರೆ ಮಾತ್ರ ಇಲ್ಲ. ಆಗ ತುಂಬಾ ಓನರ್‌ಗಳು ಬಾಡಿಗೆ ಪತ್ರಕ್ಕೆ ಲೈಸೆನ್ಸ್, ಅಂದ್ರೆ ಬರೀ ಇರೋಕೆ ಅನುಮತಿ, ಅಂತ ಹೆಸರಿಡೋಕೆ ಶುರು ಮಾಡಿದ್ರು.

1983ರಲ್ಲಿ ಬೋರ್ನ್‌ಮತ್‌ನ ಬೊಸ್ಕಂಬಲ್ಲಿ ರೋಜರ್ ಸ್ಟ್ರೀಟ್ ಅನ್ನೋ ಲಾಯರ್ ವೆಂಡಿ ಮೌಂಟ್‌ಫರ್ಡ್‌ಗೆ ವಾರಕ್ಕೆ 37 ಪೌಂಡಿಗೆ ಜಾಗ ಕೊಟ್ಟು, ಇದು ಲೈಸೆನ್ಸ್, ಬಾಡಿಗೆದಾರರಿಗೆ ರಕ್ಷಣೆ ಕೊಡೋ ರೆಂಟ್ ಆಕ್ಟ್ ಅನ್ವಯಿಸಲ್ಲ ಅಂತ ಆಕೆ ಹತ್ರಾನೇ ಸೈನ್ ಹಾಕಿಸ್ಕೊಂಡ್ರು. ಆದ್ರೆ ಅಲ್ಲಿ ಇದ್ದಿದ್ದು ಆಕೆ ಮತ್ತೆ ಗಂಡ ಮಾತ್ರ, ಓನರ್ ಊಟನೂ ಕೊಡ್ತಿರ್ಲಿಲ್ಲ, ಕ್ಲೀನಿಂಗೂ ಮಾಡಿಸ್ತಿರ್ಲಿಲ್ಲ. 1985ರಲ್ಲಿ ಆಗಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆಕೆ ಬಾಡಿಗೆದಾರಳೇ ಅಂತ ತೀರ್ಪು ಕೊಡ್ತು. ಲಾರ್ಡ್ ಟೆಂಪಲ್‌ಮನ್ ಹೇಳಿದ್ದು, ಮಣ್ಣು ಅಗೆಯೋ ಐದು ಹಲ್ಲಿನ ಫೋರ್ಕ್ ಮಾಡಿ ಸಲಿಕೆ ಅಂತ ಸಾಧಿಸಿದ್ರೂ ಅದು ಫೋರ್ಕೇ ಅಂತ. ನಮ್ಮ ಸುಪ್ರೀಂ ಕೋರ್ಟ್ 1959ರಲ್ಲೇ ದೆಹಲಿಯ ಇಂಪೀರಿಯಲ್ ಹೋಟೆಲ್ ಕೇಸಲ್ಲಿ ಪತ್ರದ ರೂಪ ಅಲ್ಲ, ತಿರುಳು ನೋಡ್ಬೇಕು ಅಂದಿತ್ತು.

ಆಮೇಲೂ ಓನರ್‌ಗಳು ಬಿಡ್ಲಿಲ್ಲ, ದಿನಾ ಒಂದೂವರೆ ಗಂಟೆ ರೂಮು ಖಾಲಿ ಮಾಡ್ಬೇಕು ಅನ್ನೋ ಷರತ್ತು ಹಾಕಿದ ಪುಣ್ಯಾತ್ಮರೂ ಇದ್ರು, 1989ರಲ್ಲಿ ಕೋರ್ಟ್ ಅದನ್ನ ಬರೀ ನಾಟಕ ಅಂತ ತಳ್ಳಿಹಾಕ್ತು.

ಈಗ ಲೆಕ್ಕ ಹೀಗಿದೆ: ನೀವೂ ಅದೇ ಮನೇಲಿ ವಾಸ ಇದ್ದು ಅಡುಗೆಮನೆನೋ ಬಾತ್‌ರೂಮೋ ಹಂಚ್ಕೊಂಡಿದ್ರೆ, ಸರಿಯಾಗಿ ಟೈಮ್ ಕೊಟ್ಟು ನೋಟಿಸ್ ಕೊಟ್ರೆ ಸಾಕು, ಕೋರ್ಟಿಗೆ ಹೋಗೋದು ಬೇಡ, ಡೆಪಾಸಿಟ್ಟನ್ನ ಕಾನೂನು ಒಪ್ಪಿದ ರಕ್ಷಣಾ ಸ್ಕೀಮಲ್ಲಿ ಇಡಲೇಬೇಕು ಅಂತಾನೂ ಇಲ್ಲ. ನೀವು ಕೆಲಸಕ್ಕೆ ಅಂತ ಬೇರೆ ಊರಲ್ಲಿ ನೆಲೆಸಿ, ಇದು ನಿಮ್ಮ ಮುಖ್ಯ ಮನೆಯಾಗಿ ಉಳೀದಿದ್ರೆ ಆ ವಿನಾಯಿತಿ ಹೋಗುತ್ತೆ, ಪತ್ರದಲ್ಲಿ ಲಾಡ್ಜರ್ ಅಂತ ಇದ್ರೂ ಉಪಯೋಗ ಇಲ್ಲ. ಬಾಡಿಗೆದಾರರ ವಿಷಯದಲ್ಲಂತೂ ಕಾರಣ ಕೊಡದೆ ಬಿಡಿಸೋ ಸೆಕ್ಷನ್ 21 2026ರ ಮೇ 1ರಿಂದ ರದ್ದು, ಅಲ್ಲಿಂದಾಚೆ ಹೊಸದಾಗಿ ನೋಟಿಸ್ ಕೊಡೋಕೆ ಕಾನೂನು ಒಪ್ಪೋ ಕಾರಣ ಇರ್ಬೇಕು. ಅದಕ್ಕೇ ಊರು ಬಿಡೋಕೆ ಮುಂಚೆನೇ ಒಬ್ಬ ಹೌಸಿಂಗ್ ಸಾಲಿಸಿಟರ್ (ಮನೆ-ಬಾಡಿಗೆ ವಿಷಯದ ಲಾಯರ್) ಹತ್ರ ಮಾತಾಡಿ.