ಟಿಡಿಎಸ್ 20 ಬಂತು, ಸರಿ. ಕೆಎಚ್ ಎಷ್ಟು?

ಬೆಂಗಳೂರಿನಲ್ಲಿ ಮೀನಿನ ಟ್ಯಾಂಕ್ ಸರ್ವಿಸಿಗೆ ಹೋದರೆ ಈಗೀಗ ಮೀನಿಗಿಂತ ಮೊದಲು ಟಿಡಿಎಸ್ ಮೀಟರ್ ತೋರಿಸುತ್ತಾರೆ. 'ನೋಡಿ ಸರ್, ಬರೀ 20. ಆರ್‌ಒ ನೀರೇ ಹಾಕೋದು. ಆದ್ರೂ ಮಾಲಿ ಮೀನುಗಳು ಒಂದೊಂದೇ ಸಾಯ್ತಿವೆ.' ಬರೀ 20 ಇರೋದಕ್ಕೇ ಹೋಗುತ್ತಿರಬಹುದು ಅಂದರೆ ನಂಬುವುದಿಲ್ಲ. ನಾವೇ ಕುಡಿಯೋ ನೀರು, ಮೀನಿಗೆ ಏನಾಗುತ್ತೆ ಅಂತ ನನ್ನನ್ನೇ ಕೇಳುತ್ತಾರೆ.

ಟಿಡಿಎಸ್ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಲವಣದ ಅಂದಾಜು ಕೊಡುತ್ತದೆ. ಎಷ್ಟು ಅಂತ ಹೇಳುತ್ತದೆ, ಯಾವುದು ಅಂತ ಹೇಳಲ್ಲ. ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರನ್ನೇ ನೋಡಿ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಮೀಟರಿನಲ್ಲಿ ನಂಬರ್ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಆದರೆ ಗಡಸು ನೀರು ಬೇಕಾದ ಮಾಲಿ, ಗಪ್ಪಿಗಳ ಪಾಲಿಗೆ ಅದು ಬೇರೆಯೇ ನೀರು. ನಿಂತಲ್ಲೇ ಮೈ ತೊನೆಯುತ್ತಾ ಮುಂದೆ ಹೋಗದ ಮಾಲಿ ಕಂಡರೆ ನಾನು ಮೊದಲು ಕೇಳುವುದು ನೀರಿನ ಬಗ್ಗೆ, ಆಮೇಲೆ ಕಾಯಿಲೆ.

ಕೆಎಚ್ ಅಂದರೆ ನೀರಿನಲ್ಲಿರುವ ಬೈಕಾರ್ಬೊನೇಟಿನ ಲೆಕ್ಕ ಅಂದುಕೊಳ್ಳಿ. ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ, ಕೆಎಚ್ ಅದನ್ನು ನುಂಗುತ್ತಾ ತಾನೂ ಖರ್ಚಾಗುತ್ತದೆ. ಸಾಸಿವೆ ಡಬ್ಬಿಯ ದುಡ್ಡಿನ ಹಾಗೆ, ಇರುವವರೆಗೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಾಗಲ್ಲ. ಮುಗಿದ ಮೇಲೆ ಪಿಎಚ್ ಸರ್ರನೆ ಇಳಿಯುತ್ತದೆ, ಅಂದರೆ ನೀರು ಆಮ್ಲವಾಗುತ್ತಾ ಹೋಗುತ್ತದೆ. 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾಗಳೂ ಸುಸ್ತು. ಆರ್‌ಒ ಮೆಂಬ್ರೇನ್ ಉಪ್ಪಿನ ಜೊತೆ ಈ ಕೆಎಚ್ ಅನ್ನೂ ಬಹುಪಾಲು ತೆಗೆದುಬಿಡುತ್ತದೆ. ನೀವು ವಾರ ವಾರ ಖಾಲಿ ಡಬ್ಬಿ ತಂದು ಇಡುತ್ತಿದ್ದೀರಿ, ಅಷ್ಟೇ.

ವಿಜಯನಗರದ ಒಬ್ಬ ರಿಟೈರ್ಡ್ ಅಂಕಲ್ ದಿನಾ ಬೆಳಿಗ್ಗೆ ಟಿಡಿಎಸ್ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು, ಸ್ಕೇಲ್ ಇಟ್ಟು ಗೆರೆ ಹೊಡೆದು. ಅವರ ಟ್ಯಾಂಕಿನಿಂದ 5 ಮಿಲಿ ನೀರು ತೆಗೆದು ಕೆಎಚ್ ಕಿಟ್ಟಿನ ಒಂದು ಹನಿ ಬಿಟ್ಟೆ. ಆ ಕಿಟ್ಟಿನಲ್ಲಿ ನೀರು ಮೊದಲು ನೀಲಿಯಾಗಬೇಕು, ಎಷ್ಟನೇ ಹನಿಗೆ ಹಳದಿಯಾಯಿತೋ ಅದೇ ಕೆಎಚ್. ಇಲ್ಲಿ ನೀಲಿ ಬರಲೇ ಇಲ್ಲ, ಮೊದಲನೇ ಹನಿಗೇ ಹಳದಿ. ಅಂಕಲ್ ಕನ್ನಡಕ ಸರಿಮಾಡಿಕೊಂಡು, 'ನಿಮ್ಮ ಕಿಟ್ ಹಳೇದಿರಬೇಕು' ಅಂದರು! ನಲ್ಲಿ ನೀರಿನಲ್ಲಿ ಅದೇ ಕಿಟ್ ನೀಲಿ ತೋರಿಸಿದ ಮೇಲೆ ಕಾಫಿ ಬಂತು.

ಗಪ್ಪಿ, ಮಾಲಿ ಸಾಕುವವರಲ್ಲಿ ಬಹಳ ಜನಕ್ಕೆ ಆರ್‌ಒ ಬೇಕಾಗಿಯೇ ಇಲ್ಲ. ನಲ್ಲಿ ನೀರಿನ ಕ್ಲೋರಿನ್ ತೆಗೆದರೆ ಸಾಕು. ಡಿಸ್ಕಸ್, ನಿಯಾನ್ ಟೆಟ್ರಾದಂಥ ಮೆದು ನೀರಿನ ಮೀನು ಸಾಕುವವರ ಮಾತು ಬೇರೆ. ಬೋರ್‌ವೆಲ್ ನೀರು ತೀರಾ ಗಡಸಾಗಿದ್ದರೆ ಬೆರೆಸಿ. ಬೋರ್ ನೀರಿನ ಕೆಎಚ್ 12 ಇದ್ದರೆ, ಒಂದು ಬಕೆಟ್ ಅದಕ್ಕೆ ಎರಡು ಬಕೆಟ್ ಆರ್‌ಒ ಹಾಕಿದರೆ ಸುಮಾರು 4 ಬರುತ್ತದೆ. ಪಿಎಚ್‌ಗೆ ಮಾತ್ರ ಈ ಲೆಕ್ಕ ನಡೆಯಲ್ಲ.

ಕೆಎಚ್ ಏರಿಸಲು ಅಡಿಗೆ ಸೋಡಾನೂ ಆಗುತ್ತದೆ. 50 ಲೀಟರಿಗೆ 6 ಗ್ರಾಂ ಹಾಕಿದರೆ ಕೆಎಚ್ ಸುಮಾರು 4 ಏರುತ್ತದೆ. ಆದರೆ ಪಿಎಚ್ ಬಿದ್ದಿರುವ ಟ್ಯಾಂಕಿಗೆ ಒಂದೇ ಸಲ ಸುರಿಯಬೇಡಿ. ಕಡಿಮೆ ಪಿಎಚ್‌ನಲ್ಲಿ ಅಮೋನಿಯಾ ಹೆಚ್ಚಾಗಿ ಅಮೋನಿಯಂ ಆಗಿ ತೆಪ್ಪಗಿರುತ್ತದೆ, ಪಿಎಚ್ ಏರಿದ ಹಾಗೆ ವಿಷವಾಗುತ್ತದೆ. ಮೊದಲು ಅಮೋನಿಯಾ ಅಳೆಯಿರಿ, ಆಮೇಲೆ ಕೆಲವು ದಿನ ಹಿಡಿದು ಸ್ವಲ್ಪ ಸ್ವಲ್ಪ ಏರಿಸಿ.

ಟ್ಯಾಂಕಿಗೆ ಅಂತಲೇ ಆರ್‌ಒ ಮೆಷಿನ್ ತಗೊಳ್ಳುವವರಿಗೆ ಸೆಡಿಮೆಂಟ್, ಕಾರ್ಬನ್, ಮೆಂಬ್ರೇನ್ ಮೂರೇ ಸಾಕು. ಯುವಿ, ಮಿನರಲ್ ಕಾರ್ಟ್ರಿಜ್ ಅಂತ ಸುಮ್ನೆ ದುಡ್ಡು ಹಾಕಬೇಡಿ. ಕಾರ್ಬನ್ ಸವೆದರೆ ಕ್ಲೋರಿನ್ ನೇರ ಮೆಂಬ್ರೇನಿಗೆ ತಗಲಿ ಅದನ್ನು ಹಾಳು ಮಾಡುತ್ತದೆ. ಟಿಡಿಎಸ್ ಮೀಟರ್ ಇದನ್ನು ಮುಂಚೆ ತೋರಿಸಲ್ಲ, ಕ್ಲೋರಿನ್ ಟೆಸ್ಟ್ ಮಾಡುವ ಪಟ್ಟಿ ತೋರಿಸುತ್ತದೆ.

ಹಾಗಂತ ಮೀಟರ್ ಬಿಸಾಡಬೇಡಿ. ಮೆಷಿನ್ನಿಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ಅಳೆಯಿರಿ. ಒಳಗೆ 600 ಇದ್ದು ಹೊರಗೆ 30 ಬರುತ್ತಿದ್ದದ್ದು 90 ಆಯಿತು ಅಂದರೆ ಮೆಂಬ್ರೇನ್ ನೋಡಿಸಿ. ಆದರೆ ರಾತ್ರಿಯಿಡೀ ನಿಂತ ಮೆಷಿನ್ ಆನ್ ಮಾಡಿದ ಕೂಡಲೇ ಬರುವ ನೀರಿನಲ್ಲಿ ಜಾಸ್ತಿನೇ ತೋರಿಸುತ್ತದೆ. ಕೆಲವು ನಿಮಿಷ ಹರಿಯಲು ಬಿಟ್ಟು ಆಮೇಲೆ ಅಳೆದು, ಆಮೇಲೆ ನನಗೆ ಫೋನ್ ಮಾಡಿ.